ಅಜ್ಜಿಯ ಕೆಂಪು ಸೀರೆ

ಗ್ಯಾಸ್ ಒಲೆಯ ಮುಂದೆ ಬಗ್ಗಿದಾಗ ಮುಂಗುರುಳು ಸುಟ್ಟು ಆ ವಾಸನೆ ಎದ್ದರೆ, ಈಗಲೂ ನಾನು ಮುಳ್ಳೂರಿನ ನಡುಮನೆಯಲ್ಲಿರುತ್ತೇನೆ.

ಅಕ್ಕ ಆಗ ಎರಡನೇ ಪಿಯುಸಿ. ಗೃಹವಿಜ್ಞಾನದಲ್ಲಿ ಗ್ರಾಹಕರು ಮೋಸ ಹೋಗದಿರುವುದು ಹೇಗೆಂಬ ಪಾಠವಿತ್ತು. ಅದನ್ನು ಓದಿದ್ದೇ ತಡ, ಮನೆಯ ಜೇನುತುಪ್ಪ, ಅರಿಸಿನ ಯಾವುದನ್ನೂ ಪರೀಕ್ಷಿಸದೆ ಬಿಡಲಿಲ್ಲ. ಆ ಮಧ್ಯಾಹ್ನ ಅಜ್ಜಿಯ ಕೆಂಪು ಸೀರೆಯ ಸರದಿ. ಅದು ತಾತ ಕೊಳ್ಳೇಗಾಲದಲ್ಲಿ ತಾನೇ ಆರಿಸಿ ತಂದದ್ದು. ಮದುವೆಮನೆಗಳಿಗೆಲ್ಲ ಅಜ್ಜಿ ಅದನ್ನೇ ಉಡುತ್ತಿದ್ದಳು.

"ಸುಟ್ಟೇ ನೋಡವ್ವ, ಅಪ್ಪಟ ರೇಷ್ಮ ಅದು," ಅಂದ ತಾತ, ಜಗಲಿಯಿಂದಲೇ. ಅವನ ಕಣ್ಣು ಮಂಜಾಗಿತ್ತು.

"ರೇಷ್ಮ ಆದ್ರ ಕೂದ್ಲು ಸುಟ್ಟಂಗ ವಾಸ್ನ ಬತ್ತದ ತಾತ," ಎಂದು ಅಕ್ಕ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಳು. ಎಳೆ ಪ್ಲಾಸ್ಟಿಕ್ಕಿನಂತೆ ಕರಗಿ, ಕರಿಯ ಮಣಿಯಂತೆ ಗಟ್ಟಿಯಾಯಿತು. ಅಕ್ಕನ ಮುಖ ಸಪ್ಪಗಾಯಿತು.

"ಯಾನವ್ವ, ಬಂತಾ ವಾಸ್ನ?" ಜಗಲಿಯಿಂದ ತಾತ ಕೇಳಿದ.

ರೇಷ್ಮೆಹುಳು ಸಾಕಿಯೇ ಮುದುಕಿಯಾದ ಅಜ್ಜಿ ಆ ಮಣಿಯತ್ತ ನೋಡಲೂ ಇಲ್ಲ. ಕೂದಲಿಗೆ ಪಾತ್ರೆ ಕೊಡುವವನು ಬಂದಾಗ ಹಾಕಲೆಂದು ಗೋಡೆಯ ಸಂದಿಯಲ್ಲಿ ಸಿಕ್ಕಿಸಿದ್ದ ತನ್ನ ನರೆಗೂದಲ ಉಂಡೆಯಿಂದ ಒಂದಿಷ್ಟು ಕಿತ್ತು, ದೀಪದ ಮೇಲೆ ಹಿಡಿದಳು.

ಜಗಲಿಯಲ್ಲಿ ತಾತ ಮೂಗರಳಿಸಿದ. "ನಾ ಯೋಳ್ನಿಲ್ವಾ?"

ಅಕ್ಕ ಮೆಲ್ಲಗೆ ಪುಸ್ತಕ ಮುಚ್ಚಿದಳು. ಅಜ್ಜಿ ಸೀರೆಯನ್ನು ಹಳೆಯ ಮಡಿಕೆಯಲ್ಲೇ ಮಡಿಸುತ್ತ, "ನೀವ್ ತಂದದ್ದು ಸುಳ್ಳಾದದಾ?" ಅಂದಳು.