ಬಿಳಿ ಮಚ್ಚೆಯ ಎಲೆ

ಪುಟ್ಟಸ್ವಾಮಯ್ಯನವರ ಮನೆಯ ಮಾನ್‌ಸ್ಟೆರಾ ಗಿಡಕ್ಕೆ ನೀರು ವಾರಕ್ಕೊಮ್ಮೆ ಸಾಕು, ಸುಳ್ಳು ಮಾತ್ರ ದಿನಾ ಬೇಕು. ಅದೂ ಎಂಥದೋ ಒಂದು ಸುಳ್ಳು ಹೇಳಿದರೆ ಆಗುವುದಿಲ್ಲ. ಕೇಳಿದವರು ನಂಬಿದರಷ್ಟೇ ಹೊಸ ಎಲೆಗೆ ಬಿಳಿ ಮಚ್ಚೆ ಬರುತ್ತದೆ. ಇಲ್ಲದಿದ್ದರೆ ಬರೀ ಹಸಿರು. ಅಂಥ ಗಿಡ ಎಲ್ಲರ ಮನೆಯಲ್ಲೂ ಇದೆ.

ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಗಂಡ ಹೆಂಡತಿ ಒಬ್ಬರ ಸುಳ್ಳನ್ನು ಇನ್ನೊಬ್ಬರು ನಂಬುವುದು ಕಷ್ಟ. ಹಾಗಾಗಿ ಪಕ್ಕದ ಮನೆಯವರನ್ನು ಕಾಫಿಗೆ ಕರೆದು, ಅವರ ಮಗಳ ಸಂಗೀತವನ್ನು ಹೊಗಳಿ, ಹೇಗೋ ಗಿಡವನ್ನು ಸಾಕುತ್ತಿದ್ದರು. ಈ ತಿಂಗಳು ಅವರೂ ಊರಲ್ಲಿರಲಿಲ್ಲ.

ಆದರೂ ಭೀಮನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಿಚ್ಚಿಕೊಂಡ ಎಲೆ ಅರ್ಧಕ್ಕರ್ಧ ಹಾಲಿನಂತೆ ಬೆಳ್ಳಗಿತ್ತು.

“ವನಜಾ, ಬಾ ಇಲ್ಲಿ! ನಿನ್ನೆ ಮನೆಗೆ ಯಾರು ಬಂದಿದ್ರು?”

“ಯಾರೂ ಬಂದಿಲ್ವಲ್ಲ ರೀ.” ವನಜಮ್ಮ ಒದ್ದೆ ಬಟ್ಟೆ ತಂದು ಹಳೆಯ ಎಲೆಗಳ ಧೂಳು ಒರೆಸತೊಡಗಿದರು.

ಪುಟ್ಟಸ್ವಾಮಯ್ಯ ಯೋಚಿಸಿದರು. ನಿನ್ನೆ ಹೆಂಡತಿ ಈ ಗಿಡದ ಪಕ್ಕದಲ್ಲೇ ಮಣೆ ಹಾಕಿ ತಮ್ಮನ್ನು ಕೂರಿಸಿ, ಪಾದಪೂಜೆ ಮಾಡಿ, “ಏಳೇಳು ಜನ್ಮಕ್ಕೂ ನೀವೇ ಗಂಡನಾಗಿ ಸಿಗ್ಬೇಕು” ಎಂದು ನಮಸ್ಕರಿಸಿದ್ದಳು. ಅದನ್ನು ಕೇಳಿ ತಮ್ಮ ಕಣ್ಣು ತುಂಬಿ ಬಂದಿತ್ತು.

ಅವರು ಸಣ್ಣಗೆ ಕೆಮ್ಮಿದರು. “ನಂಗೂ ನೀನೇ ಸಿಗ್ಬೇಕು ಅಂತ ನಾನೂ ಅಂದ್ನಲ್ಲ. ಈ ಬಿಳುಪು ಅದರದ್ದೇ ಇರ್ಬೇಕು.”

“ಅದರದ್ದಲ್ಲ ರೀ,” ವನಜಮ್ಮ ಬಟ್ಟೆ ಹಿಂಡಿದರು. “ಅದನ್ನ ನಾನು ನಂಬಲೇ ಇಲ್ವಲ್ಲ.”