ಗುಂಡಿ ಆರಿಸುವ ಮನೆ

ಅಮ್ಮ ಹಿಂತಿರುಗಿ ನೋಡದೆ ಹೋದಳು. ಒಳಗಿನಿಂದ ಚಿಲಕ ಬಿತ್ತು.

ಹುಡುಗಿ ಬಾಗಿಲಿಗೆ ಬೆನ್ನೊತ್ತಿ ನಿಂತಳು. ಉದ್ದನೆಯ ಕೋಣೆ. ಇದ್ದೊಂದು ಕಿಟಕಿಗೆ ಗೋಣಿತಟ್ಟು ಹೊದಿಸಿತ್ತು. ನೆಲದ ಮೇಲೆ ಎರಡು ಸಾಲು ಮಕ್ಕಳು. ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ, ತಟ್ಟೆ ತುಂಬ ಅಂಗಿ ಗುಂಡಿಗಳು. ಹೊರಗೆ ನಿಂತಿದ್ದಾಗ ಒಳಗೆ ಏನೋ ಗುಜುಗುಜು ಕೇಳಿಸಿತ್ತು. ಈಗ ಯಾರೊಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ.

“ಬಾ, ಕೂತ್ಕೋ,” ಎಂದಳು ಆ ಮನೆಯ ಒಡತಿ. ಎತ್ತರದ ಆಳು, ಗಡಸು ದನಿ. ಮಕ್ಕಳಿಗೆಲ್ಲ ಅವಳು ದೊಡ್ಡಮ್ಮ. “ಕಪ್ಪು ಒಂದ್ಕಡೆ, ಬಿಳಿ ಒಂದ್ಕಡೆ. ಇವತ್ತಿಗೆ ಅಷ್ಟೇ ನಿನ್ನ ಕೆಲಸ. ಮಿಕ್ಕಿದ್ದು ಆಮೇಲೆ. ಮೊದಲು ನಿನ್ನ ಬಾಯಿ ಎಷ್ಟು ಭದ್ರ ಅಂತ ನೋಡ್ಬೇಕು.”

ಮಿಕ್ಕಿದ್ದು ಎಂದರೇನು?

ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಾಗ, ಶಾಲೆಗೇ ಇರಬೇಕು ಎಂದು ಅವಳು ಹಿಗ್ಗಿದ್ದಳು. ಇಟ್ಟಿಗೆ ಗೂಡಿನ ಕೂಲಿಗೆಂದು ಊರು ಬಿಟ್ಟು ಹೊರಟಾಗಲೇ ಅಮ್ಮ ಮಾತು ಕೊಟ್ಟಿದ್ದಳು, ನಿನ್ನನ್ನು ಓದಿಸಿಯೇ ಓದಿಸುತ್ತೇನೆ ಎಂದು. ಆದರೆ ದಾರಿಯುದ್ದಕ್ಕೂ ಹೇಳಿದ್ದು ಬೇರೆಯೇ. “ಯಾರೇ ಕೇಳಲಿ, ಗುಂಡಿ ಆರಿಸ್ತೀನಿ ಅನ್ನು. ಇನ್ನೇನೂ ಅನ್ಬೇಡ.” ಹಿಡಿದ ಕೈ ಬೆವೆತು ಜಾರುತ್ತಿತ್ತು. ಮಕ್ಕಳನ್ನು ಮಾರುವವರ ಸುದ್ದಿಯನ್ನು ಗೂಡಿನ ಹೆಂಗಸರು ಪಿಸುಗುಟ್ಟುವುದನ್ನು ಹುಡುಗಿ ಕೇಳಿದ್ದಳು. ಅಮ್ಮನೂ ಹಾಗೇ ಮಾಡಿಬಿಟ್ಟಳೇ?

ಅವಳನ್ನು ಇನ್ನಷ್ಟು ಹೆದರಿಸಿದ್ದು ದೊಡ್ಡಮ್ಮನ ಅಕ್ಕರೆ. ನೆಲ ತಣ್ಣಗಿದೆ ಎಂದು ತನ್ನ ಹೊದಿಕೆಯನ್ನೇ ಮಡಿಸಿ ಹಾಸಿಕೊಟ್ಟಳು. ಕೇಳದೆಯೇ ನೀರು ತಂದಿಟ್ಟಳು. ಕಡಿಯುವ ಮುಂಚೆ ಕುರಿಗೂ ಹೀಗೇ ಸೊಪ್ಪು ಹಾಕುತ್ತಾರಲ್ಲವೇ?

ಮಗ್ಗುಲಲ್ಲಿ ಕೂತಿದ್ದವಳು ಎಲ್ಲರಿಗಿಂತ ಚಿಕ್ಕವಳು. ಮುಂದಿನ ಹಲ್ಲು ಬಿದ್ದುದರಿಂದ ಅವಳ ಹೆಸರು ಬೊಕ್ಕಿ. ಅವಳು ಆರಿಸಿ ಮುಗಿಸಿದ ತಟ್ಟೆಯನ್ನು ದೊಡ್ಡಮ್ಮ ಎತ್ತಿಕೊಂಡು, ಕಪ್ಪು ಬಿಳಿ ಎಲ್ಲವನ್ನೂ ಮತ್ತೆ ಒಂದೇ ಚೀಲಕ್ಕೆ ಸುರಿದು ಕಲಸಿಬಿಟ್ಟಳು. ಹುಡುಗಿ ಬೊಕ್ಕಿಯತ್ತ ಬಾಗಿದಳು.

“ನಮ್ಮನ್ನ ಯಾವಾಗ ಬಿಡ್ತಾರೆ?” ಎಂದು ಪಿಸುಗುಟ್ಟಿದಳು.

“ಸಾಯಂಕಾಲ. ನಂಗೆ ಮಾತ್ರ ಹೋಗೋಕೇ ಇಷ್ಟ ಇಲ್ಲ,” ಎಂದಳು ಬೊಕ್ಕಿ.

ಪಾಪ, ಹೀಗೆ ಹೇಳು ಎಂದು ಹೊಡೆದು ಕಲಿಸಿರಬೇಕು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ದೊಡ್ಡಮ್ಮನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಮಕ್ಕಳ ತಲೆಗಳು ಒಮ್ಮೆಗೇ ತಗ್ಗಿದವು. ಮುಂದಿನ ಸಾಲಿನ ದೊಡ್ಡ ಹುಡುಗಿಯೊಬ್ಬಳು ಅಲ್ಲಿಯವರೆಗೆ ಜೋಪಾನವಾಗಿ ಜೋಡಿಸಿಟ್ಟಿದ್ದ ಗುಂಡಿಗಳನ್ನೆಲ್ಲ ತಟ್ಟೆ ಅಲುಗಿಸಿ ಕೆಡಿಸಿಬಿಟ್ಟಳು.

ಒಳಗೆ ಬಂದವನದು ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ಮೆತ್ತನೆಯ ಮಾತು.

“ಏನಮ್ಮಾ, ಎಳೇ ಮಕ್ಕಳ ಕೈಲಿ ದುಡಿಸ್ತಾ ಇದೀರಾ?”

“ಬೀದಿಲಿ ಅಲೆಯೋ ಬದಲು ಇಲ್ಲಿ ಕೂರ್ತಾವೆ, ಸ್ವಾಮಿ.”

“ಓದು ಗೀದು?”

“ಇವಕ್ಕೆಲ್ಲಿಯ ಓದು ಬಿಡಿ, ಸ್ವಾಮಿ.”

ಅವನು ಮೂಲೆಯ ಒಲೆಯಿಂದ ಒಂದು ಇದ್ದಿಲು ಆರಿಸಿಕೊಂಡು ಮಕ್ಕಳೆದುರಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಏನೋ ಬರೆದ. ಹುಡುಗಿಯ ಮುಖ ಅರಳಿತು. ಮೇಷ್ಟ್ರು. ಖಂಡಿತ ಮೇಷ್ಟ್ರೇ. ಬರೆದದ್ದನ್ನು ಅವನು ಓದಿ ಹೇಳಲಿಲ್ಲ. ಪಕ್ಕಕ್ಕೆ ಸರಿದು, ಒಂದೊಂದೇ ಮುಖವನ್ನು ನೋಡುತ್ತ ನಿಂತ. ಎಷ್ಟು ತಾಳ್ಮೆ ಈ ಮನುಷ್ಯನಿಗೆ! ಮಕ್ಕಳೋ, ದನ ಗೋಡೆ ನೋಡುವಂತೆ ನೋಡುತ್ತಿದ್ದರು. ಬೊಕ್ಕಿಯ ಕತ್ತು ಮಾತ್ರ ಹಿಂದಕ್ಕೆ ಹೊರಳತೊಡಗಿತು. ಆಗಲೇ ದೊಡ್ಡಮ್ಮನ ಕೈಲಿದ್ದ ತಟ್ಟೆ ಠಣ್ಣೆಂದು ಅವಳ ಮುಂದೆಯೇ ಬಿತ್ತು.

“ಕೂತು ನೋಡ್ತೀಯೇನೇ? ಆರಿಸು,” ಎಂದು ದೊಡ್ಡಮ್ಮ ಗದರಿದಳು. ಬೊಕ್ಕಿ ನೆಲಕ್ಕೆ ಬಾಗಿದಳು.

ಅವನು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ. “ನೀನು ಹೊಸಬಳಲ್ವಾ, ಪುಟ್ಟಾ? ಓದೋಕೆ ಆಸೆ ಇದೆಯಾ?”

ದೊಡ್ಡಮ್ಮನ ಕಣ್ಣು ತನ್ನ ಮೇಲೆ ನೆಟ್ಟಿರುವುದು ಹುಡುಗಿಗೆ ಗೊತ್ತಿತ್ತು. ಅಮ್ಮನ ಮಾತೂ ನೆನಪಿತ್ತು. ಆದರೂ ಕಟ್ಟೆಯೊಡೆಯಿತು.

“ಇದೆ. ಇಲ್ಲಿ ಒಂದಕ್ಷರಾನೂ ಹೇಳ್ಕೊಡಲ್ಲ. ಬರೀ ಗುಂಡಿ ಆರಿಸೋಕೆ ಕೂರಿಸಿದಾರೆ. ನನ್ನ ಕರ್ಕೊಂಡು ಹೋಗಿ, ಮೇಷ್ಟ್ರೇ.”

ಅವನು ಅವಳ ಕಣ್ಣೀರನ್ನು ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ. ಎದ್ದು ಮಂಡಿ ಕೊಡವಿಕೊಂಡ.

“ಮೇಷ್ಟ್ರಂತೆ. ಗೂಡಿನ ಯಜಮಾನರ ಗುಮಾಸ್ತ ಕಣೇ ನಾನು.” ದೊಡ್ಡಮ್ಮನ ಕಡೆ ತಿರುಗಿದ. “ಇವಳಿಗೆ ಆಸೆ ಜಾಸ್ತಿ, ಸ್ವಲ್ಪ ಇಳಿಸಿ. ಕೈ ಬಲಿತ ಮೇಲೆ ಇಟ್ಟಿಗೆ ಹೊರೋಕೆ ಬರಬೇಕಾದವು ಇವೆಲ್ಲ. ಗೂಡಿನ ಹತ್ರ ಪಾಠ ಹೇಳೋಕೆ ಬಂದವನ ಚಪ್ಪರ ಹೇಗೆ ಉರೀತು ಅಂತ ನೋಡಿದೀರಲ್ಲ.”

“ನೋಡಿದೀನಿ, ಸ್ವಾಮಿ.”

ಅವನು ಹೋದ. ಮತ್ತೆ ಚಿಲಕ ಬಿತ್ತು. ಇನ್ನು ಹೊರಗೂ ಯಾರಿಲ್ಲ, ಒಳಗೂ ಯಾರಿಲ್ಲ. ದೊಡ್ಡಮ್ಮ ನೇರ ತನ್ನತ್ತಲೇ ಬರುವುದನ್ನು ಕಂಡು ಹುಡುಗಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

ಏಟು ಬೀಳಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಕುಸಿದು ಕೂತಳು. ಹುಡುಗಿಯ ತಲೆಯನ್ನು ಮೆಲ್ಲಗೆ ಸವರಿದಳು. ಹೊರಗೆ ಚಪ್ಪಲಿ ಸಪ್ಪಳ ಪೂರ್ತಿ ಅಡಗುವವರೆಗೆ ಯಾರೂ ಉಸಿರೆತ್ತಲಿಲ್ಲ.

ಮೊದಲು ಬಾಯಿ ಬಿಟ್ಟವಳು ಬೊಕ್ಕಿ. ಕತ್ತು ಸೆಟೆಸಿಕೊಂಡೇ ಕೂತಿದ್ದಳು, ಕಣ್ಣ ತುಂಬ ನೀರು.

“ದೊಡ್ಡಮ್ಮಾ, ಈಗಲಾದ್ರೂ ತಿರುಗಿ ನೋಡ್ಲಾ? ಗೋಡೆ ಮೇಲೆ ‘ನಿಮ್ಮ ಹಿಂದೆ ಹಾವಿದೆ’ ಅಂತ ಬರೆದಿದಾನಲ್ಲ.”