ಫ್ಯಾನ್ ತಿರುಗದ ಮನೆ

‘ಬ್ರೀಜಿ’ ಎಂಬ ಇಂಗ್ಲಿಷ್ ಪದ ನಿಘಂಟುಕಾರರ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡು ಮೂರು ದಿನವಾಗಿತ್ತು. ಮೊದಲ ಅರ್ಥ ಸಲೀಸು: ತಂಗಾಳಿ ಬೀಸುವ. ಎರಡನೆಯದು: ಹಗುರ ಮನಸ್ಸಿನ, ನಗುನಗುತ್ತಾ ಓಡಾಡುವ. ಅರ್ಥ ಬರೆದಾಗಿತ್ತು, ಉದಾಹರಣೆ ಇರಲಿಲ್ಲ. ತಾವು ಕಣ್ಣಾರೆ ಕಾಣದ, ಕಿವಿಯಾರೆ ಕೇಳದ ಯಾವುದನ್ನೂ ಅವರು ಚೀಟಿಗೆ ಇಳಿಸುವವರಲ್ಲ. ಸಂಜೆ ಪ್ರೆಸ್ಸಿನವನು ಬರುವವನಿದ್ದ. ಈ ಸಲವೂ ಬರಿಗೈಲಿ ಕಳಿಸಿದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿಹೋಗಿದ್ದ.

ಮೇಜು, ಮಂಚ, ಕಿಟಕಿಯ ಕಟ್ಟೆ, ಎಲ್ಲೆಲ್ಲೂ ಪದಕ್ಕೊಂದರಂತೆ ಬರೆದು ಅಕ್ಷರವಾರು ಪೇರಿಸಿದ ಚೀಟಿಗಳ ಗುಡ್ಡೆ. ಅವು ಹಾರಬಾರದೆಂದು ಇಪ್ಪತ್ತೆರಡು ಬೇಸಿಗೆ ಆ ಮನೆಯಲ್ಲಿ ಫ್ಯಾನ್ ತಿರುಗಿರಲಿಲ್ಲ. ಹೆಂಡತಿ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು, ಅದೂ ಅಡುಗೆಮನೆಗೆ ಹೋಗಿ.

“ಏ, ಇವಳೇ, ನಿಂಗೆ ಗೊತ್ತಿರೋರಲ್ಲಿ ಹಗುರ ಮನಸ್ಸಿನೋರು ಯಾರಾದ್ರೂ ಇದಾರಾ? ಸುಮ್‌ಸುಮ್ನೆ ನಗೋರು?”

“ಒಬ್ಳಿದ್ಲು. ಮದ್ವೆಗೆ ಮುಂಚೆ.”

“ಈಗೆಲ್ಲಿದಾಳೆ?” ಪೆನ್ನಿನ ಮುಚ್ಚಳ ತೆಗೆದೇಬಿಟ್ಟರು. ಪದಗಳ ವಿಷಯದಲ್ಲಿ ಮಹಾ ಸೂಕ್ಷ್ಮ, ಮಿಕ್ಕಿದ್ದರಲ್ಲಿ ಅಷ್ಟಕ್ಕಷ್ಟೇ.

“ಇಲ್ಲೇ ಇದಾಳೆ. ಸೆಖೇಲಿ ಬೇಯ್ತಾ ಇದಾಳೆ.”

ಹೇಳಿದವಳೇ ಹೋಗಿ ಫ್ಯಾನಿನ ಸ್ವಿಚ್ ಒತ್ತಿದಳು.

ಫ್ಯಾನ್ ನರಳಿತು, ಕ್ಯಾಕರಿಸಿತು, ಇಪ್ಪತ್ತೆರಡು ವರ್ಷದ ಧೂಳನ್ನು ನಿಘಂಟುಕಾರರ ಬೋಳುತಲೆಯ ಮೇಲೆ ಕೊಡವಿ ತಿರುಗತೊಡಗಿತು. ಮೊದಲು ‘ಎ’ ಗುಡ್ಡೆ ಎದ್ದಿತು, ಅದರ ಬೆನ್ನಿಗೇ ‘ಬಿ’. ಅವರು ಅಯ್ಯಯ್ಯೋ ಎನ್ನುತ್ತಾ ಮಂಚದಡಿ ತೂರಿದರು. ಹೆಂಡತಿ ಫ್ಯಾನಿನ ಕೆಳಗೆ ನಿಂತು ಜಡೆ ಬಿಚ್ಚಿದಳು. ಮಂಚದಡಿಯಿಂದ ಹೊರಗೆ ಉಳಿದಿದ್ದ ಗಂಡನ ಅರ್ಧ ಭಾಗವನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೆಂದದ ನಗು. ಅವರಿಗದು ಮರೆತೇಹೋಗಿತ್ತು.

ತೆವಳಿಕೊಂಡು ಬಂದು ಸ್ವಿಚ್ಚಿನ ಮೇಲೆ ಕೈ ಇಟ್ಟರು. ಉದಾಹರಣೆ ಸಿಕ್ಕಿತ್ತು. ಬರೆದುಕೊಳ್ಳಬೇಕಾದರೆ ಚೀಟಿ ನಿಲ್ಲಬೇಕು, ಚೀಟಿ ನಿಲ್ಲಬೇಕಾದರೆ ಫ್ಯಾನ್ ಆರಬೇಕು. ಫ್ಯಾನ್ ಆರಿದರೆ ಈ ನಗು?

“ಆರಿಸ್ತೀರಾ?” ಎಂದಳು.

“ಇದ್ರಲ್ಲಿ ಇನ್ನೂ ಜೋರಿದೆ ಕಣೆ,” ಎಂದು ಅವರು ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದರು.

ನಿಘಂಟು ಎರಡು ವರ್ಷ ತಡವಾಗಿ, ಬೇರೆ ಪ್ರೆಸ್ಸಿನಿಂದ ಹೊರಬಂತು. ಆ ಪದದ ಎರಡನೆಯ ಅರ್ಥಕ್ಕೆ ಅದರಲ್ಲಿ ಉದಾಹರಣೆ ಇಲ್ಲ. ಆ ಜಾಗದಲ್ಲಿ ಇರುವುದು ಇಷ್ಟೇ: ‘ಕಣ್ಣಾರೆ ಕಂಡಿದ್ದೇನೆ.’